ಪ್ರತಿಕ್ರಿಯೆ: 1912ರ ಪೆನಾಂಗ್ ಹಡಗಿನ ಟಿಕೆಟಿಗೆ ದುಡ್ಡು ಕೊಟ್ಟವರು ಯಾರು?

ನಿಮ್ಮ ಮುತ್ತಜ್ಜ 1912ರಲ್ಲಿ ನಾಗಪಟ್ಟಣದಿಂದ ಮಲಯದ (ಇಂದಿನ ಮಲೇಷ್ಯಾ) ಪೆನಾಂಗಿಗೆ ಹೋದಾಗ ಹಡಗಿನ ದುಡ್ಡು ಯಾರು ಕೊಟ್ಟರೆಂದು ಕೇಳಿದ್ದೀರಿ. ಅವರ ಕಾಗದಗಳಲ್ಲಿ ಟಿಕೆಟಿನ ಲೆಕ್ಕವೇ ಇಲ್ಲವೆಂದರೆ, ಬಹುಶಃ ಅವರು ಟಿಕೆಟ್ ಕೊಂಡೇ ಇರಲಿಲ್ಲ. ಮಲಯದಲ್ಲಿ 1907ರ ಕಾಯ್ದೆಯಿಂದ ವಲಸೆ ನಿಧಿಯೊಂದು ಹುಟ್ಟಿತು, ಕೂಲಿಗಳ ಹಡಗಿನ ಖರ್ಚು ಅದರಿಂದಲೇ ಹೋಗುತ್ತಿತ್ತು. ತೋಟದ ಮಾಲೀಕರೆಲ್ಲರೂ ತಮ್ಮಲ್ಲಿ ದುಡಿದ ಭಾರತೀಯ ಕೂಲಿಗಳ ಲೆಕ್ಕದ ಮೇಲೆ ಅದಕ್ಕೆ ತೆರಬೇಕಿತ್ತು, ತಾವು ಯಾರನ್ನೂ ಕರೆತರದಿದ್ದರೂ ಸರಿ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಎಂಬ ಹಡಗು ಕಂಪನಿಯ ದರ ಕೂಲಿಯ ಕೈಯಲ್ಲಿರಲಿಲ್ಲ. ಚೌಕಾಸಿ ಸರ್ಕಾರ, ಮಾಲೀಕರು ಮತ್ತು ಕಂಪನಿಯ ನಡುವಿನದು. ಈ ಅಂಶವನ್ನು ಕುಟುಂಬ ಚರಿತ್ರೆಗಳು ಬಿಟ್ಟುಬಿಡುವುದು ನನಗೆ ನೋವಿನ ಸಂಗತಿ.

ಮೊದಲು ಅವರು ಹಡಗು ಹತ್ತಿದ ವರ್ಷವನ್ನು ಖಚಿತಪಡಿಸಿಕೊಳ್ಳಿ. 1910ಕ್ಕೆ ಮೊದಲಾದರೆ ಕರಾರು ಕೂಲಿಯಾಗಿರುವ ಸಾಧ್ಯತೆಯೂ ಇದೆ, ಆಗ ದಾರಿಯ ಖರ್ಚು ಸಾಲವಾಗಿ ತಲೆಯ ಮೇಲೆ ಕೂರುತ್ತಿತ್ತು. ಆಮೇಲೆ ಮನೆಯವರ ಮಾತಿನಲ್ಲಿ ‘ಕಂಗಾಣಿ’ (ತೋಟಕ್ಕಾಗಿ ಊರಿನಿಂದ ಕೂಲಿಗಳನ್ನು ಕರೆತರುತ್ತಿದ್ದ ಮೇಸ್ತ್ರಿ) ಎಂಬ ಪದ ಬರುತ್ತದೆಯೇ ಕೇಳಿ. ಬಂದರೆ ನಿಧಿಯ ದುಡ್ಡಿನ ಪ್ರಯಾಣವಾಗಿರಬಹುದು. ಬಾರದಿದ್ದರೆ ಸ್ವಂತ ಖರ್ಚಿನಲ್ಲಿ ಹೋದ ವ್ಯಾಪಾರಿಯೋ ಗುಮಾಸ್ತನೋ ಆಗಿರಬಹುದು. ಟಿಕೆಟ್ ಇಲ್ಲವೆಂಬುದೊಂದನ್ನೇ ನೆಚ್ಚಿ ತೀರ್ಮಾನಿಸಬೇಡಿ. ಕೊನೆಗೆ ಊರು, ತೋಟದ ಹೆಸರು, ವರ್ಷ ಮೂರನ್ನೂ ಬರೆದು ಚೆನ್ನೈನ ತಮಿಳುನಾಡು ಪತ್ರಾಗಾರ ಮತ್ತು ಮಲೇಷ್ಯಾದ ರಾಷ್ಟ್ರೀಯ ಪತ್ರಾಗಾರಗಳಲ್ಲಿ ವಲಸೆ ಕಡತಗಳನ್ನು ಕೇಳಿ. ತೋಟದ ಹೆಸರಿಲ್ಲದೆ ಹೋಗಬೇಡಿ.