ಒಂದೇ ಅಳತೆಯ ಗೆರೆ, ಎರಡು ಉದ್ದ

ಪ್ರಶ್ನೆ: ಮಗಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಎರಡು ಸಮಾನ ಗೆರೆಗಳ ಚಾರ್ಟ್ ಮಾಡಿದ್ದೇವೆ. ಒಂದರ ತುದಿಗಳಲ್ಲಿ ಬಾಣದ ತಲೆ, ಇನ್ನೊಂದರಲ್ಲಿ ಹೊರಕ್ಕೆ ತೆರೆದ ರೆಕ್ಕೆ. ನೋಡಿದವರೆಲ್ಲ ‘ಎರಡೂ ಒಂದೇ, ವಾಟ್ಸಾಪ್‌ನಲ್ಲಿ ಬಂದಿತ್ತು’ ಎಂದುಬಿಡುತ್ತಾರೆ. ಏನು ಮಾಡುವುದು?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಉತ್ತರ ಗೊತ್ತಿದ್ದರೂ ಕಣ್ಣು ಮೋಸಹೋಗುವುದು ತಪ್ಪದು, ಹೊರಕ್ಕೆ ತೆರೆದ ರೆಕ್ಕೆಯ ಗೆರೆಯೇ ಉದ್ದ ಕಾಣುತ್ತದೆ. ಹಾಗಾಗಿ ‘ಯಾವುದು ಉದ್ದ’ ಎಂದು ಕೇಳಬೇಡಿ. ಅವರ ಕೈಯಿಂದಲೇ ಸಮ ಮಾಡಿಸಿ.

ಕಾರ್ಡ್‌ಶೀಟಿನಲ್ಲಿ 14 ಸೆಂ.ಮೀ. ಉದ್ದದ, ಎರಡೂ ಕಡೆ ತೆರೆದ ಚಪ್ಪಟೆ ಕವಚ ಮಾಡಿ. ಅದರ ಮೇಲೆ 10 ಸೆಂ.ಮೀ. ಗೆರೆ, ಎರಡೂ ತುದಿಗೆ ಬಾಣದ ತಲೆ. ಬಲಗಡೆಯ ಬಾಣದ ಮೊನೆ ಕವಚದ ಅಂಚಿಗೇ ತಾಗಿರಲಿ. ಒಳಗೆ ಜಾರುವ ಪಟ್ಟಿ 25 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ. ಪಟ್ಟಿಯ ಗೆರೆ ಕವಚದ ಗೆರೆಯ ನೇರಕ್ಕೇ ಬರಬೇಕು, ಅದರ ಬಲತುದಿಯಲ್ಲಿ ರೆಕ್ಕೆ ಹೊರಕ್ಕೆ ತೆರೆದಿರಬೇಕು. ರೆಕ್ಕೆಗಳೆಲ್ಲ 2.5 ಸೆಂ.ಮೀ., ಗೆರೆಗೆ 45 ಡಿಗ್ರಿ. ಪಟ್ಟಿಯ ಹಿಂಬದಿಗೆ ಮಿ.ಮೀ. ಗುರುತು ಹಾಕಿ; ಸೊನ್ನೆ ಸರಿಯಾಗಿ ರೆಕ್ಕೆ ಕೂಡುವ ಬಿಂದುವಿನ ಹಿಂದೆ ಬರಲಿ.

ಕವಚ 1 ಮಿ.ಮೀ.ನಷ್ಟು ಸಡಿಲವಿರಲಿ. ಮುಂಬಯಿ ಮಳೆಗಾಲದಲ್ಲಿ ಕಾಗದ ಉಬ್ಬಿ ಪಟ್ಟಿ ಕಚ್ಚಿಕೊಳ್ಳುತ್ತದೆ. ತೀರಾ ಸಡಿಲವಾದರೆ ಗೆರೆ ಓರೆಯಾಗುತ್ತದೆ.

ನೋಡುವವರು ಪಟ್ಟಿಯನ್ನು ಜಾರಿಸಿ, ಕವಚದ ಗೆರೆಯೂ ಹೊರಗೆ ಕಾಣುವ ಪಟ್ಟಿಯ ಗೆರೆಯೂ ಸಮ ಕಾಣುವಲ್ಲಿ ನಿಲ್ಲಿಸಲಿ. ಒಮ್ಮೆ ಪಟ್ಟಿಯನ್ನು ಪೂರ್ತಿ ಎಳೆದು ಒಳತಳ್ಳುತ್ತಾ, ಒಮ್ಮೆ ಒಳಗಿನಿಂದ ಎಳೆಯುತ್ತಾ ಮಾಡಿಸಿ ಸರಾಸರಿ ತೆಗೆಯಿರಿ, ಒಂದೇ ದಿಕ್ಕಾದರೆ ಫಲಿತಾಂಶ ಆ ಕಡೆಗೇ ವಾಲುತ್ತದೆ. ಹಿಂಬದಿಯಲ್ಲಿ ಕವಚದ ಅಂಚಿಗೆ ಬಂದ ಗುರುತು 8.4 ಸೆಂ.ಮೀ. ಆದರೆ, 10ಕ್ಕೆ 1.6 ಕಡಿಮೆ, ಅಂದರೆ ಭ್ರಮೆ 16 ಶೇಕಡಾ. ಒಬ್ಬರಿಗೇ ಹತ್ತಾರು ಸಲ ಕೊಡಬೇಡಿ, ಅಭ್ಯಾಸದಿಂದ ಭ್ರಮೆ ಇಳಿಯುತ್ತದೆ. ಬೆರಳಿನಿಂದ ಅಳೆಯಲೂ ಬಿಡಬೇಡಿ.

ಕಾರಣ ಕೇಳಿದರೆ? 1889ರಲ್ಲಿ ಜರ್ಮನ್ ಮನೋವೈದ್ಯ ಫ್ರಾಂಜ್ ಮ್ಯೂಲರ್-ಲೈಯರ್ ಪ್ರಕಟಿಸಿದ ಚಿತ್ರವಿದು. ರೆಕ್ಕೆಗಳು ಕೋಣೆಯ ಮೂಲೆಯಂತೆ ಕಂಡು ಮಿದುಳು ದೂರದ ಲೆಕ್ಕ ಹಾಕುತ್ತದೆ ಎಂಬುದು ಪ್ರಸಿದ್ಧ ವಿವರಣೆ. ಆದರೆ ರೆಕ್ಕೆಯ ಬದಲು ವೃತ್ತ ಹಾಕಿದರೂ ಭ್ರಮೆ ಉಳಿಯುವುದರಿಂದ ಅದೊಂದೇ ಸಾಲದು. ಕಣ್ಣು ತುದಿಯನ್ನೂ ಅದರ ಸುತ್ತಲಿನದನ್ನೂ ಕಲಸಿ ಅಂದಾಜು ಮಾಡುತ್ತದೆ ಎಂಬುದೇ ಹೆಚ್ಚು ಒಪ್ಪುವಂತಿದೆ. ಹುಟ್ಟಿನಿಂದ ಕಾಣದ ಭಾರತೀಯ ಮಕ್ಕಳಿಗೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಬಂದ ಕೂಡಲೇ ಈ ಭ್ರಮೆ ಕಂಡಿತೆಂದು 2015ರಲ್ಲಿ ನರವಿಜ್ಞಾನಿ ಪವನ್ ಸಿನ್ಹಾ ತಂಡ ವರದಿ ಮಾಡಿತು. ಕೋಣೆ ನೋಡಿ ಕಲಿಯಲು ಅವರಿಗೆ ಸಮಯವೇ ಇರಲಿಲ್ಲ.

ಪ್ರಶ್ನೆ: ತಲೆಕೆಳಗಾದ ‘ಟಿ’ಯಲ್ಲಿ ನಿಂತ ಗೆರೆ ಯಾಕೆ ಉದ್ದ ಕಾಣುತ್ತದೆ?
– ಓದುಗರೊಬ್ಬರು, ವಾಸ್ಕೋ

ಉತ್ತರ: ಎರಡು ಕಾರಣ ಬೆರೆತಿವೆ: ನಿಂತ ಗೆರೆಯನ್ನು ಕಣ್ಣು ತುಸು ಹೆಚ್ಚೇ ಎಣಿಸುತ್ತದೆ, ಮಲಗಿದ ಗೆರೆ ಮಧ್ಯದಲ್ಲಿ ತುಂಡಾದಂತೆ ಕಂಡು ಗಿಡ್ಡವಾಗುತ್ತದೆ. ‘ಎಲ್’ ಆಕಾರದಲ್ಲಿ ಬರೆದು ನೋಡಿ. ಎರಡನೆಯ ಕಾರಣ ಹೋಗಿ ವ್ಯತ್ಯಾಸ ಚಿಕ್ಕದಾಗುತ್ತದೆ, ಪೂರ್ತಿ ಅಳಿಯುವುದಿಲ್ಲ.