ಓದಿದ್ದು ನೆನಪಿರ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರ ಓದುತ್ತಿದ್ದೇನೆ. ಟೈಮ್‌ಟೇಬಲ್ ಹಾಕಿಕೊಂಡು ಓದಿದರೂ ಪರೀಕ್ಷೆಯಲ್ಲಿ ನೆನಪಾಗಲ್ಲ.
ಒಬ್ಬ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ತಂಗೀ, ‘ಸಂಜೆ 6ರಿಂದ 8 ಆರ್ಗ್ಯಾನಿಕ್’ ಅಂತ ಸುಮ್ನೆ ಬರೆಯಬೇಡ. ‘ಎಸ್‌ಎನ್1, ಎಸ್‌ಎನ್2 ಎಂಬ ರಾಸಾಯನಿಕ ಕ್ರಿಯೆಗಳ ವ್ಯತ್ಯಾಸ ನೋಡದೆ ಬರೆಯಬೇಕು’ ಅಂತ ಬರೆ. ಓದಾದ ಮೇಲೆ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಬರೆದು ನೋಡು. ತಪ್ಪಿದ್ದಕ್ಕೆ ಕೆಂಪು ಗುರುತು ಹಾಕು. ಮರುದಿನದ ಓದು ಅಲ್ಲಿಂದಲೇ ಶುರುವಾಗಲಿ. ನನ್ನ ವಿದ್ಯಾರ್ಥಿಗಳಿಗೂ ಇದನ್ನೇ ಹೇಳುತ್ತೇನೆ.

2006ರಲ್ಲಿ ರೋಡಿಗರ್, ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದ್ದರು. ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಜಾಸ್ತಿ ನೆನಪಿತ್ತು. ವಾರ ಕಳೆದ ಮೇಲೆ, ನೆನಪಿನಿಂದ ಬರೆದವರೇ ಮುಂದಿದ್ದರು. ಓದುವಾಗ ಎಲ್ಲಾ ಬಂದಂತೆ ಅನಿಸುತ್ತೆ ಅಲ್ವಾ, ಅದನ್ನು ನಂಬಬೇಡ.

ಇನ್ನೊಂದು, ನಮ್ಮ ಮೇ ತಿಂಗಳ ಬಿಸಿಲಲ್ಲಿ ಮಧ್ಯಾಹ್ನ ತಲೆ ಓಡಲ್ಲ. ಕಷ್ಟದ ಪಾಠ ಬೆಳಿಗ್ಗೆಗೇ ಇಟ್ಟುಕೋ.