ಸಿಂಡರೆಲ್ಲಾಳ ಚಪ್ಪಲಿ, ನಮ್ಮ ಹಂಚಿಯ ಮುಖವಾಡ

ಮಗಳ ಛದ್ಮವೇಷಕ್ಕೆ ಸಿಂಡರೆಲ್ಲಾ ಕಥೆ ಹುಡುಕುವಾಗ ಅಕ್ಕಂದಿರು ಕಾಲು ಕತ್ತರಿಸಿಕೊಂಡದ್ದು ಸಿಕ್ಕಿತು, ಅಸಲಿ ಕಥೆ ಯಾವುದು ಅಂತ ಕೇಳಿದ್ದೀರಿ. ಕತ್ತರಿಸಿಕೊಂಡದ್ದು ಹೌದು ಮಾರಾಯ್ರೇ, ಗ್ರಿಮ್ ಸಹೋದರರ 1812ರ ಜರ್ಮನ್ ಪುಸ್ತಕದಲ್ಲಿ. ಸಿಂಡರೆಲ್ಲಾಳ ಚಪ್ಪಲಿ ತಮ್ಮ ಕಾಲಿಗೆ ಹಿಡಿಸಲಿ ಅಂತ ಒಬ್ಬಳು ಕಾಲ್ಬೆರಳು, ಇನ್ನೊಬ್ಬಳು ಹಿಮ್ಮಡಿ. ರಕ್ತ ಸೋರುವುದನ್ನು ಪಾರಿವಾಳಗಳು ರಾಜಕುಮಾರನಿಗೆ ಹೇಳಿಬಿಡುತ್ತವೆ. ಗಾಜಿನ ಚಪ್ಪಲಿ, ಕುಂಬಳಕಾಯಿ ಸಾರೋಟು ಅದಕ್ಕಿಂತ ಹಳೆಯವು. 1697ರಲ್ಲಿ ಫ್ರಾನ್ಸಿನ ಪೆರೋ ಬರೆದದ್ದು.

ಚೀನಾದಲ್ಲಿ 9ನೇ ಶತಮಾನದಲ್ಲೇ ಯೆ ಶಿಯೆನ್ ಎಂಬ ಹುಡುಗಿಯ ಇಂಥದ್ದೇ ಕಥೆ ಬರೆದಿಟ್ಟಿದ್ದಾರೆ. ಅವಳಿಗೆ ಬೇಕಾದ್ದು ಕೊಡುವುದು ಮೀನಿನ ಮೂಳೆ. (ನಮ್ಮ ಮಂಗಳೂರಲ್ಲಾದರೆ ಮೂಳೆ ಬೆಕ್ಕಿಗೆ ಹೋಗ್ತಿತ್ತು.) ಹಾಗಾಗಿ ಅಸಲಿ ಯಾವುದು ಅಂತ ಹುಡುಕುವುದು ಸುಮ್ನೆ.

ನನಗೆ ಜಾಸ್ತಿ ಇಷ್ಟ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಸಿಂಡರೆಲ್ಲಾ ಕಥೆ 'ಹಂಚಿ'. ಬಂಗಾರದ ಕೂದಲಿನ ಹುಡುಗಿ. ಅವಳ ಮೇಲೆ ಅಣ್ಣನ ಕಣ್ಣೇ ಬೀಳುತ್ತದೆ, ಮಗಳಿಗೆ ಆ ಭಾಗ ಬಿಟ್ಟು ಹೇಳಿ. ತಾಯಿ ಮಣ್ಣಿನ ಮುಖವಾಡ ತೊಡಿಸಿ ಮನೆಯಿಂದ ಕಳಿಸುತ್ತಾಳೆ. ಹಂಚಿನಂಥ ಮುಖ, ಅದಕ್ಕೇ ಹಂಚಿ. ಇಲ್ಲಿ ಚಪ್ಪಲಿಯ ಗೊಡವೆಯಿಲ್ಲ. ಕೆಲಸಕ್ಕಿದ್ದ ಸಾಹುಕಾರರ ಮನೆಯಲ್ಲಿ ಮುಖವಾಡ ತೆಗೆದು ಸ್ನಾನ ಮಾಡುವಾಗ ಕಿರಿಮಗ ನೋಡಿಬಿಡುತ್ತಾನೆ, ಅಷ್ಟೆ. ಮದುವೆಯಾದ ಮೇಲೂ ಕಥೆ ಮುಗಿಯುವುದಿಲ್ಲ, ಒಬ್ಬ ಕಳ್ಳ ಸ್ವಾಮಿ ಬೇರೆ ಬರುತ್ತಾನೆ.

ವೇಷವೂ ಸುಲಭ, ಅಲ್ವಾ? ರಟ್ಟಿನ ಮುಖವಾಡಕ್ಕೆ ಕಾವಿ ಬಣ್ಣ ಬಳಿದರೆ ಸಾಕು. ನಾನು ಈ ಕಥೆ ಹೇಳುವಾಗ ನನ್ನ ಮಗ ಮಾಡಿನ ಕಡೆ ಬೆರಳು ತೋರಿಸಿ, "ಈ ಹಂಚಾ? ಭಾರ ಆಗಲಿಲ್ವಾ ಅವಳಿಗೆ?" ಅಂತ ಕೇಳಿದ್ದ.